ಪೇಟೆಬೀದಿಯ ಸಣ್ಣ ವಿದ್ಯುದಾಗಾರ

ಕೆಲವು ತಿಂಗಳ ಹಿಂದೆ ಒಂದು ಸಂಜೆ ನಾನು ಪರಶುರಾಂಪುರದಲ್ಲಿ ಚಳ್ಳಕೆರೆಯ ಬಸ್ಸಿಗಾಗಿ ಕಾಯುತ್ತಿದ್ದೆ. ವೇದಾವತಿಯ ಸೀಮೆಯಲ್ಲಿ, ಆಂಧ್ರದ ಗಡಿಗೆ ಸಮೀಪವಾಗಿರುವ ಈ ಹೋಬಳಿ ಕೇಂದ್ರದ ಪೇಟೆಯನ್ನು ಬಲ್ಲವರಿಗೆ ನಾನು ವಿಶೇಷವಾಗಿ ವರ್ಣಿಸಿ ಹೇಳಬೇಕಾದುದಿಲ್ಲ. ಶೇಂಗಾ ವ್ಯಾಪಾರದ ಮಳಿಗೆಗಳು, ಬೀಜ-ಗೊಬ್ಬರದ ಅಂಗಡಿ, ಔಷಧದ ಅಂಗಡಿ, ಒಂದು ಬೇಕರಿ, ಅದಕ್ಕೆ ಹೊಂದಿಕೊಂಡು ಒಬ್ಬ ದರ್ಜಿಯ ಅಂಗಡಿ. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ವಿದ್ಯುತ್ತು ಹೋಯಿತು. ಒಂದು ನಿಮಿಷ ಬೀದಿಯೆಲ್ಲ ನಿಶ್ಶಬ್ದವಾಯಿತು. ಎಲ್ಲಿಯೋ ಒಂದು ಕರು ಕೂಗಿದ್ದೂ ಕೇಳಿಸಿತು. ಮರುನಿಮಿಷ ಅಂಗಡಿಗಳ ಮುಂದೆ ಒಂದಾದ ಮೇಲೊಂದರಂತೆ ಜನರೇಟರುಗಳು ಎದ್ದವು. ದೀಪಗಳು ಮರಳಿ ಬಂದವು, ಅವುಗಳೊಡನೆ ಗದ್ದಲವೂ ಹೊಗೆಯೂ ಬಂದವು.

ದರ್ಜಿಯ ಮಗಳಿರಬೇಕು, ಏಳೆಂಟು ವರ್ಷದ ಹುಡುಗಿ, ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಶಾಲೆಯ ಲೆಕ್ಕ ಮಾಡುತ್ತಿದ್ದಳು. ಬೇಕರಿಯ ಜನರೇಟರಿನ ಹೊಗೆಕೊಳವೆ ಅವಳಿಂದ ಎರಡು ಮಾರು ದೂರದಲ್ಲಿ, ಸರಿಯಾಗಿ ಅವಳ ತಲೆಯ ಎತ್ತರಕ್ಕೆ ಬಾಯಿ ತೆರೆದಿತ್ತು. ಗಾಳಿ ಇತ್ತ ತಿರುಗಿದಾಗಲೆಲ್ಲ ಅವಳು ಪುಸ್ತಕವನ್ನು ಎತ್ತಿಕೊಂಡು ಮೆಟ್ಟಿಲಿನ ಇನ್ನೊಂದು ತುದಿಗೆ ಸರಿಯುವಳು. ಗಾಳಿ ಅತ್ತ ತಿರುಗಿದರೆ ಬೆಳಕಿನ ಹತ್ತಿರಕ್ಕೆ ಮರಳುವಳು. ಬೆಳಕಿಗೆ ಬೇಕಾದ ಯಂತ್ರವೇ ಅವಳನ್ನು ಬೆಳಕಿನಿಂದ ಅಟ್ಟುತ್ತಿತ್ತು. ಬಸ್ಸು ಬರುವವರೆಗೂ ನಾನು ಈ ಆಟವನ್ನು ನೋಡಿದೆ. ಇಂದು ನಾನು ಹೇಳಹೊರಟಿರುವ ವಿಷಯ ನನಗೆ ಹೊಳೆದದ್ದು ಅಲ್ಲಿ.

ಜನರೇಟರನ್ನು ನಾವು ಒಂದು ಸಾಮಾನೆಂದು ತಿಳಿಯುತ್ತೇವೆ. ಕೊಡೆಯ ಹಾಗೆ, ಮಳೆ ಬಂದಾಗ ಬಿಚ್ಚಿ ಆಮೇಲೆ ಮಡಿಸಿಡುವ ವಸ್ತು. ವಾಸ್ತವದಲ್ಲಿ ಅದೊಂದು ವಿದ್ಯುದಾಗಾರ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ತೆಗೆದು ಕೋಲಾರದ ಚಿನ್ನದ ಗಣಿಗಳಿಗೆ ಕಳಿಸಿದಾಗ ಉತ್ಪಾದನೆಯ ಸ್ಥಳ ಒಂದು, ಬಳಕೆಯ ಸ್ಥಳ ಇನ್ನೊಂದು, ನಡುವೆ ನೂರು ಕಿಲೋಮೀಟರಿಗೂ ಮಿಕ್ಕಿದ ತಂತಿ. ದೊಡ್ಡ ವಿದ್ಯುದಾಗಾರಗಳ ಲಕ್ಷಣವೇ ಇದು. ಸಣ್ಣ ಡೀಸೆಲ್ ವಿದ್ಯುದಾಗಾರದಲ್ಲಿ ಈ ಅಂತರವಿಲ್ಲ. ವಿದ್ಯುತ್ತು ಹುಟ್ಟುವುದು, ಉರಿಯುವುದು, ಅದರ ಹೊಗೆಯನ್ನು ಉಸಿರಾಡುವುದು ಮೂರೂ ಹತ್ತು ಗಜದೊಳಗೆ ನಡೆದುಹೋಗುತ್ತವೆ. ಅದರ ಅನುಕೂಲವೂ ಅಪಾಯವೂ ಈ ಸಾಮೀಪ್ಯದಲ್ಲಿಯೇ ಇವೆ.

ಈ ಯಂತ್ರದ ಕಥೆಗೂ ಚಳ್ಳಕೆರೆಯ ಸೀಮೆಗೂ ಒಂದು ಸ್ವಾರಸ್ಯದ ಸಂಬಂಧವುಂಟು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ. ಇಂಧನದ ಶಕ್ತಿಯಲ್ಲಿ ಕಾಲುಭಾಗಕ್ಕೂ ತುಸು ಹೆಚ್ಚನ್ನು ಅದು ಕೆಲಸವಾಗಿ ಪರಿವರ್ತಿಸಿತು. ಅಂದಿನ ಉಗಿಯಂತ್ರಗಳಿಗೆ ಅದರ ಅರ್ಧವೂ ಕಷ್ಟವಾಗಿತ್ತು. ಮೂರು ವರ್ಷದ ತರುವಾಯ, 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಇಂಥದೊಂದು ಸಣ್ಣ ಎಂಜಿನ್ನನ್ನು ಓಡಿಸಿದರು. ಅದಕ್ಕೆ ಕುಡಿಸಿದ್ದು ಶೇಂಗಾ ಎಣ್ಣೆ. ಆಫ್ರಿಕದ ವಸಾಹತುಗಳಲ್ಲಿ ಶೇಂಗಾ ಹೇರಳವಾಗಿ ಬೆಳೆಯುತ್ತದೆ, ಅಲ್ಲಿಯ ಎಣ್ಣೆಯಿಂದ ಅಲ್ಲಿಯೇ ಯಂತ್ರ ನಡೆಸಬಹುದೇ ಎಂಬುದನ್ನು ತಿಳಿಯುವುದು ಫ್ರೆಂಚ್ ಸರ್ಕಾರದ ಇಚ್ಛೆಯಾಗಿತ್ತು. 1912ರಲ್ಲಿ ಡೀಸೆಲ್ ತಾನೇ ಈ ಸಂಗತಿಯನ್ನು ಹೇಳಿಕೊಂಡಿದ್ದಾನೆ. ಎಣ್ಣೆಯ ನಗರವೆಂದು, ಒಂದು ಕಾಲಕ್ಕೆ ಎರಡನೆಯ ಮುಂಬಯಿ ಎಂದು ಹೆಸರಾದ ಚಳ್ಳಕೆರೆಯ ಗಾಣಗಳವರಿಗೆ ಈ ಸುದ್ದಿ ಮುಟ್ಟಿದ್ದರೆ ಅವರು ಎಷ್ಟು ಹಿಗ್ಗುತ್ತಿದ್ದರೋ! ಆದರೆ ಸಸ್ಯದ ಎಣ್ಣೆಗಿಂತ ನೆಲದೆಣ್ಣೆ ಅಗ್ಗವಾಯಿತು. ಅದಕ್ಕೇ ಡೀಸೆಲ್ಲನ ಹೆಸರೂ ಅಂಟಿತು.

ಯಂತ್ರದ ಒಳಗೆ ನಡೆಯುವುದು ಸರಳವಾದ ಕೆಲಸ. ಪೆಟ್ರೋಲಿನ ಎಂಜಿನ್ನಿನಲ್ಲಿ ಕಿಡಿ ಹಾರಿಸಿ ಇಂಧನವನ್ನು ಹೊತ್ತಿಸುತ್ತಾರೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಬರಿಯ ಗಾಳಿಯನ್ನು ಉರುಳೆಯೊಳಗೆ ಎಳೆದುಕೊಂಡು ಅದರ ಗಾತ್ರ ಹದಿನೈದು ಇಪ್ಪತ್ತರಲ್ಲೊಂದು ಪಾಲಾಗುವಂತೆ ಅದುಮುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವು ಬಲ್ಲಿರಿ. ಇಲ್ಲಿ ಆ ಬಿಸಿ 500 ಡಿಗ್ರಿ ಸೆಲ್ಸಿಯಸ್ಸನ್ನು ದಾಟುತ್ತದೆ. ಆ ಕಾದ ಗಾಳಿಗೆ ಡೀಸೆಲ್ಲನ್ನು ತುಂತುರಾಗಿ ಚಿಮುಕಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೀಗೆ ಒಂದು ಲೀಟರ್ ಡೀಸೆಲ್ ಉರಿದರೆ ಸಣ್ಣ ಜನರೇಟರಿನಿಂದ ಸುಮಾರು ಮೂರು ಯೂನಿಟ್ ವಿದ್ಯುತ್ತು ದೊರೆಯುತ್ತದೆ.

ಆದರೆ ತುಂತುರಿನ ಪ್ರತಿಯೊಂದು ಹನಿಗೂ ಬೇಕಾದಷ್ಟು ಗಾಳಿ ಬೇಕಾದ ಕ್ಷಣದಲ್ಲಿ ಸಿಕ್ಕುವುದಿಲ್ಲ. ಸಿಕ್ಕದ ಕಡೆ ಇಂಧನ ಅರ್ಧಂಬರ್ಧ ಬೆಂದು ಮಸಿಯಾಗುತ್ತದೆ. ಅತಿಯಾದ ಶಾಖದಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿ ಗಂಟಲು ಕೆರೆಯುವ ಆಕ್ಸೈಡುಗಳಾಗುತ್ತವೆ. ಇಂಧನದಲ್ಲಿ ಗಂಧಕವಿದ್ದರೆ ಅದರ ಅನಿಲವೂ ಸೇರುತ್ತದೆ. ಈ ಕೊನೆಯ ವಿಷಯದಲ್ಲಿ ನಾವು ಬಹಳ ದೂರ ಬಂದಿದ್ದೇವೆ. ಹಿಂದೆ ಹತ್ತು ಲಕ್ಷ ಪಾಲು ಡೀಸೆಲ್ಲಿನಲ್ಲಿ 10,000 ಪಾಲು ಗಂಧಕವಿರಬಹುದಾಗಿತ್ತು, 2020ರ ಏಪ್ರಿಲ್ಲಿನಿಂದ ದೇಶಾದ್ಯಂತ ಮಾರುವ ಡೀಸೆಲ್ಲಿನಲ್ಲಿ 10 ಪಾಲನ್ನು ಮೀರುವಂತಿಲ್ಲ. ಆದರೆ ಮಸಿ ಉಳಿದೇ ಇದೆ. ಕಣ್ಣಿಗೆ ಕಾಣುವ ಕಪ್ಪು ಹೊಗೆಗಿಂತ ಕಾಣದ ಕಣಗಳೇ ಹೆಚ್ಚು ಕೇಡಿನವು. ಕೂದಲೆಳೆಯ ದಪ್ಪದ ನೂರರಲ್ಲೊಂದು ಪಾಲೂ ಇಲ್ಲದ ಆ ಕಣಗಳು ಮೂಗಿನ ಕಾವಲನ್ನು ದಾಟಿ ಶ್ವಾಸಕೋಶದ ತಳವನ್ನು ಮುಟ್ಟುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರಿಗೆ ಕಾರಣವಾಗಬಹುದಾದ ವಸ್ತುಗಳ ಪಟ್ಟಿಯಲ್ಲಿ ಇರಿಸಿತ್ತು. 2012ರ ಜೂನ್ ತಿಂಗಳಲ್ಲಿ, ಅದು ಕ್ಯಾನ್ಸರಿಗೆ ಕಾರಣವೇ ಸರಿ ಎಂದು ನಿರ್ಣಯಿಸಿತು.

ಇಂಥ ಯಂತ್ರಕ್ಕೆ ಕಾನೂನಿನ ಕಡಿವಾಣ ಇಲ್ಲವೆ ಎಂದು ನೀವು ಕೇಳಬಹುದು. ಉಂಟು, ಮತ್ತು ಅದು ನಾವು ತಿಳಿದಿರುವುದಕ್ಕಿಂತ ಸೂಕ್ಷ್ಮವಾಗಿ ಉಂಟು. ಪರಿಸರವನ್ನು ಕಾಪಾಡುವುದು ರಾಜ್ಯದ ಹೊಣೆಯೆಂದೂ ಪ್ರಜೆಯ ಕರ್ತವ್ಯವೆಂದೂ 1976ರ ತಿದ್ದುಪಡಿಯಿಂದ ಸಂವಿಧಾನದಲ್ಲಿಯೇ ಸೇರಿದೆ. 1974ರಲ್ಲಿ ಜಲಮಾಲಿನ್ಯದ ಕಾಯಿದೆ ಬಂದಿತು. ಅದೇ ವರ್ಷ ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಹುಟ್ಟಿತು. 1981ರಲ್ಲಿ ವಾಯುಮಾಲಿನ್ಯದ ಕಾಯಿದೆ, ಭೋಪಾಲದ ದುರಂತವಾದ ಮೇಲೆ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂದವು. ಜನರೇಟರುಗಳ ಹೊಗೆ ಮತ್ತು ಸದ್ದಿನ ಮಿತಿಗಳೆಲ್ಲ ಈ ಕೊನೆಯ ಕಾಯಿದೆಯ ಅಡಿಯ ನಿಯಮಗಳಾಗಿ ಬಂದವು.

ದೊಡ್ಡ ಡೀಸೆಲ್ ವಿದ್ಯುದಾಗಾರಗಳ ಮಾತು ಬೇರೆ. ಬೆಂಗಳೂರಿನ ಯಲಹಂಕದಲ್ಲಿ ಕರ್ನಾಟಕ ವಿದ್ಯುತ್ ನಿಗಮವು 1993-94ರಲ್ಲಿ ಆರು ಯಂತ್ರಗಳ, ಒಟ್ಟು ಸುಮಾರು 128 ಮೆಗಾವ್ಯಾಟಿನ ಡೀಸೆಲ್ ಸ್ಥಾವರವನ್ನು ನಡೆಸಲಾರಂಭಿಸಿತು. ಅದು ನಿಂತ ಮೇಲೆ ಅಲ್ಲಿಯೇ 370 ಮೆಗಾವ್ಯಾಟಿನ ಅನಿಲ ಸ್ಥಾವರ ತಲೆಯೆತ್ತಿದೆ. ಅಂಥದಕ್ಕೆ ಎತ್ತರದ ಚಿಮಣಿ ಇರುತ್ತದೆ, ಮಂಡಳಿಯ ಅನುಮತಿ ಬೇಕಾಗುತ್ತದೆ, ಸುತ್ತಲಿನವರು ದೂರಿದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. 2006ರ ಪರಿಸರ ಪರಿಣಾಮದ ಅಧಿಸೂಚನೆಯ ಪ್ರಕಾರ 5 ಮೆಗಾವ್ಯಾಟ್ ಹಾಗೂ ಅದಕ್ಕೆ ಮೇಲ್ಪಟ್ಟ ಡೀಸೆಲ್ ಸ್ಥಾವರ ಕಟ್ಟಬೇಕಾದರೆ ಮೊದಲು ಪರಿಸರ ಅನುಮೋದನೆ ಪಡೆಯಬೇಕು. ನಮ್ಮ ಬೇಕರಿಯ ಯಂತ್ರ 8 ಕಿಲೋವ್ಯಾಟಿನದೆಂದು ಇಟ್ಟುಕೊಳ್ಳಿ. ಅಂಥ ಆರುನೂರು ಯಂತ್ರಗಳನ್ನು ಕೂಡಿಸಿದರೂ ಆ ಗಡಿಯನ್ನು ಮುಟ್ಟುವುದಿಲ್ಲ. ದೇಶದ ಉದ್ದಗಲಕ್ಕೆ ಹರಡಿರುವ ಇಂಥ ಅಸಂಖ್ಯಾತ ಯಂತ್ರಗಳನ್ನು ಒಂದೊಂದಾಗಿ ಹಿಡಿದು ಪರೀಕ್ಷಿಸುವುದು ಯಾವ ಮಂಡಳಿಗೂ ಸಾಧ್ಯವಲ್ಲ. ಆದುದರಿಂದ ಕಾನೂನು ಒಂದು ಜಾಣತನದ ದಾರಿ ಹಿಡಿಯಿತು. ಕೊಳ್ಳುವವನ ಬದಲು ಮಾಡುವವನನ್ನು ಹಿಡಿಯಿತು.

2002ರ ಮೇ ತಿಂಗಳಲ್ಲಿ ಹೊರಟ ಅಧಿಸೂಚನೆಯ ತಿರುಳು ಇದು. ಕಾರ್ಖಾನೆಯವರು ಪ್ರತಿಯೊಂದು ಮಾದರಿಯನ್ನೂ ನಿಗದಿಯಾದ ಪ್ರಯೋಗಶಾಲೆಯಲ್ಲಿ ಪರೀಕ್ಷೆಗೆ ಒಡ್ಡಿ ಪ್ರಮಾಣಪತ್ರ ಪಡೆಯಬೇಕು, ಪ್ರಮಾಣಪತ್ರವಿಲ್ಲದುದನ್ನು ಮಾರುವಂತಿಲ್ಲ. 2005ರ ಜನವರಿ 1ರಿಂದ ಈಚೆಗೆ ತಯಾರಾದ, 1,000 ಕೆ.ವಿ.ಎ.ವರೆಗಿನ ಜನರೇಟರಿಗೆ ಸದ್ದಡಗಿಸುವ ಪೆಟ್ಟಿಗೆಯನ್ನು ಕಾರ್ಖಾನೆಯಲ್ಲಿಯೇ ಹೊದಿಸಬೇಕು, ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ ಸದ್ದು 75 ಡೆಸಿಬೆಲ್ಲನ್ನು ಮೀರಬಾರದು. ಹೊಗೆಯ ಮಿತಿಗಳೂ ಆ ವೇಳೆಗೆ ಜಾರಿಗೆ ಬಂದು, 2014ರಲ್ಲಿ ಬಿಗಿಯಾಗಿ, 2022ರ ನವೆಂಬರಿನ ಅಧಿಸೂಚನೆಯಿಂದ 2023ರ ಜುಲೈ 1ರ ತರುವಾಯ ಮತ್ತಷ್ಟು ಬಿಗಿಯಾದವು. ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಗ್ರಾಂ ಮಸಿ ಬಿಡಬಹುದು ಎಂಬುದು ಇಲ್ಲಿಯ ಅಳತೆಗೋಲು. ನೂರಿನ್ನೂರು ಕಿಲೋವ್ಯಾಟಿನ ಯಂತ್ರಕ್ಕೆ 2014ರಲ್ಲಿ ಈ ಮಿತಿ 0.2 ಗ್ರಾಂ ಇತ್ತು, 2023ರಲ್ಲಿ 0.02 ಗ್ರಾಂ ಆಯಿತು. ಹತ್ತು ಪಾಲು ಇಳಿಕೆ! ಇದು ಸಣ್ಣ ಸಾಧನೆಯಲ್ಲ, ಇದನ್ನು ಮೆಚ್ಚಲೇಬೇಕು.

ಈಗ ನಮ್ಮ ಬೇಕರಿಗೆ ಬರೋಣ. 19 ಕಿಲೋವ್ಯಾಟಿನವರೆಗಿನ ಯಂತ್ರಗಳಿಗೆ 2014ರಲ್ಲಿ ಮಸಿಯ ಮಿತಿ 0.3 ಗ್ರಾಂ, 2023ರ ಬಳಿಕವೂ 0.3 ಗ್ರಾಂ. ದೊಡ್ಡ ಆಸ್ಪತ್ರೆಯ, ದೊಡ್ಡ ಹೋಟೆಲಿನ ಯಂತ್ರ ಒಂದು ಯೂನಿಟ್ಟಿಗೆ ಬಿಡಬಹುದಾದ ಮಸಿಗಿಂತ ಪೇಟೆಬೀದಿಯ ಪುಟ್ಟ ಯಂತ್ರ ಹದಿನೈದು ಪಾಲು ಹೆಚ್ಚು ಬಿಡಬಹುದು. ಕಾರಣವಿಲ್ಲದೆ ಹೀಗಾಗಿಲ್ಲ. ಮಸಿಯನ್ನು ಹಿಡಿಯುವ ಸೋಸುಕವನ್ನು ಪುಟ್ಟ ಯಂತ್ರಕ್ಕೆ ಅಳವಡಿಸಿದರೆ ಅದರ ಬೆಲೆ ಏರಿ ಬೇಕರಿಯವನ ಕೈಗೆ ಎಟುಕದು. ಬಡವನಿಗೆ ಹೊರೆಯಾಗಬಾರದೆಂದು ಕೊಟ್ಟ ವಿನಾಯಿತಿ ಇದು. ಆದರೆ ಆ ಹೊರೆ ಇಳಿದುಹೋಗಲಿಲ್ಲ. ಬೇಕರಿಯವನ ಹೆಗಲಿನಿಂದ ಜಾರಿ ಮೆಟ್ಟಿಲ ಮೇಲಿನ ಹುಡುಗಿಯ ಎದೆಗೂಡನ್ನು ಸೇರಿತು.

ಒಂದು ಲೆಕ್ಕ ಹೇಳುತ್ತೇನೆ. 10 ಕಿಲೋವ್ಯಾಟಿನ ಯಂತ್ರ ದಿನಕ್ಕೆ ಮೂರು ಗಂಟೆ ಪೂರ್ಣ ಹೊರೆಯಲ್ಲಿ ಓಡಿದರೆ 30 ಯೂನಿಟ್. ಮಿತಿಯನ್ನು ಮೀರದೆಯೇ ಅದು 9 ಗ್ರಾಂ ಮಸಿ ಬಿಡಬಹುದು. ಒಂಬತ್ತು ಗ್ರಾಂ ಎಂದರೆ ಎರಡು ಚಮಚೆ ಸಕ್ಕರೆಯ ತೂಕ, ಅಷ್ಟೆ. ಆದರೆ ನಮ್ಮ ದೇಶದ 2009ರ ವಾಯುಗುಣದ ಮಾನದಂಡದಂತೆ ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿಯಾಗಿ ಇರಬಹುದಾದ ಸೂಕ್ಷ್ಮ ಕಣಗಳ ಮಿತಿ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ 60 ಪಾಲು. ಆ ಒಂಬತ್ತು ಗ್ರಾಂ ಮಸಿ ಶುದ್ಧವಾದ ಒಂದೂವರೆ ಲಕ್ಷ ಘನ ಮೀಟರ್ ಗಾಳಿಯನ್ನು ಈ ಮಿತಿಗೆ ತಂದು ನಿಲ್ಲಿಸಬಲ್ಲದು. ಬಯಲಾದರೆ ಗಾಳಿ ಅದನ್ನು ಒಯ್ದು ಚದುರಿಸುತ್ತದೆ. ಎರಡೂ ಕಡೆ ಮಳಿಗೆಗಳಿರುವ ಇಕ್ಕಟ್ಟಾದ ಬೀದಿಯಲ್ಲಿ ಅದು ಹೋಗುವುದಾದರೂ ಎಲ್ಲಿಗೆ?

ಇದು ಪ್ರಮಾಣಪತ್ರವುಳ್ಳ ಹೊಸ ಯಂತ್ರದ ಮಾತು. 2002ಕ್ಕಿಂತ ಮುಂಚಿನ ಯಂತ್ರಗಳಿಗೆ ಈ ಜಾತಕವೇ ಇಲ್ಲ. ನಗರದಲ್ಲಿ ಮೂಲೆಗೆ ಸೇರಿದ ಹಳೆಯ ಯಂತ್ರವನ್ನು ಸಣ್ಣ ಊರಿನವರು ಅಗ್ಗಕ್ಕೆ ಕೊಂಡು ತರುವುದುಂಟು. ಜಾತ್ರೆಯ ದೀಪಗಳಿಗೆ, ಮದುವೆಯ ಚಪ್ಪರಕ್ಕೆ ಬಾಡಿಗೆಗೆ ಬರುವ ಯಂತ್ರಗಳ ವಯಸ್ಸನ್ನು ಕೇಳುವವರಾರು? ಅಲ್ಲದೆ ಪ್ರಮಾಣಪತ್ರ ಹುಟ್ಟಿದ ದಿನದ್ದು. ಸೋಸುಕ ಬದಲಾಯಿಸದೆ, ಇಂಧನ ಚಿಮುಕಿಸುವ ಸೂಜಿಯನ್ನು ಶುಚಿಮಾಡದೆ ಹತ್ತು ವರ್ಷ ಓಡಿಸಿದ ಎಂಜಿನ್ನಿಗೂ ಆ ಪತ್ರಕ್ಕೂ ಏನು ಸಂಬಂಧ? ಕಾನೂನಿನ ಕಣ್ಣು ಕಾರ್ಖಾನೆಯ ಬಾಗಿಲಿನಲ್ಲಿ ಎಚ್ಚರವಾಗಿದೆ, ಬೀದಿಗೆ ಬರುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಯಂತ್ರ ಚಿಕ್ಕದಾದಷ್ಟೂ ಅದು ಮನುಷ್ಯನ ಮೂಗಿಗೆ ಹತ್ತಿರ, ಕಾನೂನಿನ ಕಣ್ಣಿಗೆ ದೂರ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಹಾಗಾದರೆ ಬೀದಿಯಲ್ಲಿ ಮಾಡಬಹುದಾದುದು ಏನೂ ಇಲ್ಲವೆ? ಬಹಳ ಇದೆ, ಮತ್ತು ಅದಕ್ಕೆ ಹೆಚ್ಚಿನ ಹಣವೂ ಬೇಕಾಗಿಲ್ಲ.

ಮೊದಲನೆಯದು ಹೊಗೆಕೊಳವೆಯ ಎತ್ತರ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇದಕ್ಕೊಂದು ಸೂತ್ರ ಕೊಟ್ಟಿದೆ. ಜನರೇಟರಿನ ಕೆ.ವಿ.ಎ. ಸಂಖ್ಯೆಯ ವರ್ಗಮೂಲವನ್ನು ತೆಗೆದು 0.2ರಿಂದ ಗುಣಿಸಬೇಕು, ಬಂದಷ್ಟು ಮೀಟರನ್ನು ಕಟ್ಟಡದ ಎತ್ತರಕ್ಕೆ ಕೂಡಿಸಬೇಕು. 25 ಕೆ.ವಿ.ಎ. ಯಂತ್ರವಾದರೆ ವರ್ಗಮೂಲ 5, ಗುಣಿಸಿದರೆ 1 ಮೀಟರ್. ಅಂಗಡಿಯ ಮಾಳಿಗೆ 4 ಮೀಟರ್ ಎತ್ತರವಿದ್ದರೆ ಕೊಳವೆಯ ಬಾಯಿ ನೆಲದಿಂದ 5 ಮೀಟರ್ ಮೇಲಿರಬೇಕು. 100 ಕೆ.ವಿ.ಎ. ಯಂತ್ರಕ್ಕೆ ಮಾಳಿಗೆಯ ಮೇಲೆ 2 ಮೀಟರ್. ಹೈಸ್ಕೂಲಿನ ಹುಡುಗನೂ ಮಾಡಬಹುದಾದ ಲೆಕ್ಕ ಇದು. ನಾಲ್ಕೈದು ಮೀಟರ್ ಕಬ್ಬಿಣದ ಕೊಳವೆ, ವೆಲ್ಡಿಂಗ್ ಮಾಡುವವನ ಅರ್ಧ ದಿನದ ಕೆಲಸ. ಕೊಳವೆ ಸಣಕಲಾಗದಂತೆ, ತಿರುವುಗಳು ಹೆಚ್ಚಾಗದಂತೆ ನೋಡಿಕೊಂಡರಾಯಿತು.

ಎರಡನೆಯದು ಸದ್ದು. ಡೆಸಿಬೆಲ್ ಎಂಬುದು ಗೊಬ್ಬರದ ಚೀಲದಂತೆ ಕೂಡಿಸಿ ಎಣಿಸುವ ಅಳತೆಯಲ್ಲ. 10 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು ಏರಿರುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 1 ಮೀಟರಿನಲ್ಲಿ 75 ಇದ್ದುದು 2 ಮೀಟರಿನಲ್ಲಿ 69, ಹೀಗೆಯೇ ಇಳಿಯುತ್ತ 32 ಮೀಟರಿನಲ್ಲಿ 45 ಆಗುತ್ತದೆ. ವಾಸದ ಪ್ರದೇಶದಲ್ಲಿ ರಾತ್ರಿಯ ಸದ್ದಿಗೆ 2000ದ ಶಬ್ದಮಾಲಿನ್ಯ ನಿಯಮಗಳು ವಿಧಿಸಿರುವ ಮಿತಿ ಇದೇ 45. ಅಂದರೆ ಕಾನೂನಿಗೆ ಪೂರ್ಣ ಬದ್ಧವಾದ ಯಂತ್ರವೂ ಮಲಗುವ ಕೋಣೆಯಿಂದ ನೂರು ಅಡಿಯಾಚೆ ಇದ್ದರೆ ಮಾತ್ರ ನೆರೆಯವರಿಗೆ ಕಾನೂನು ಬಯಸುವ ನಿದ್ರೆ. ಪೇಟೆಬೀದಿಯಲ್ಲಿ ನೂರು ಅಡಿ ಎಲ್ಲಿಂದ ತರುವುದು? ನಡುವೆ ಒಂದು ಗೋಡೆ ಎಬ್ಬಿಸಬಹುದು, ಯಂತ್ರದ ಮುಖವನ್ನು ಬಯಲಿಗೆ ತಿರುಗಿಸಬಹುದು, ಬೇಸಗೆಯಲ್ಲಿ ಸೆಕೆಯೆಂದು ಪೆಟ್ಟಿಗೆಯ ಬಾಗಿಲು ತೆರೆದಿಡುವ ಅಭ್ಯಾಸವನ್ನು ಬಿಡಬಹುದು. ಬಾಗಿಲು ತೆರೆದ ಪೆಟ್ಟಿಗೆ ಪೆಟ್ಟಿಗೆಯೇ ಅಲ್ಲ.

ಮೂರನೆಯದನ್ನು ಹೆಚ್ಚು ಜನ ಅರಿಯರು. ಯಂತ್ರ ಬೇಕಾದುದಕ್ಕಿಂತ ದೊಡ್ಡದಾಗಿರಬಾರದು. ನಾಳೆ ಅಂಗಡಿ ಬೆಳೆದೀತೆಂದು 25 ಕೆ.ವಿ.ಎ. ಯಂತ್ರ ತಂದು ನಾಲ್ಕು ದೀಪ, ಒಂದು ಫ್ರಿಜ್ಜಿಗೆ ಓಡಿಸಿದರೆ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಬೇಯದ ಇಂಧನ ಕೊಳವೆಯಲ್ಲಿ ಜಿಡ್ಡಾಗಿ ಸುರಿಯುತ್ತದೆ. ಸಾಮರ್ಥ್ಯದ ಮೂರನೆಯ ಒಂದು ಪಾಲಿಗಿಂತ ಕಡಿಮೆ ಹೊರೆಯಲ್ಲಿ ಬಹಳ ಹೊತ್ತು ಓಡಿಸುವುದು ಯಂತ್ರಕ್ಕೂ ಕೇಡು, ಗಾಳಿಗೂ ಕೇಡು.

ನಾಲ್ಕನೆಯದು, ಬದಲಾಯಿಸಿದ ಹಳೆಯ ಎಣ್ಣೆ. ಇದು ಕಾನೂನಿನ ದೃಷ್ಟಿಯಲ್ಲಿ ಅಪಾಯಕಾರಿ ತ್ಯಾಜ್ಯ. 2016ರ ನಿಯಮಗಳಂತೆ ಅನುಮತಿ ಪಡೆದ ಮರುಬಳಕೆದಾರರಿಗೇ ಸೇರಬೇಕಾದುದು. ನಾವು ಅದನ್ನು ಚರಂಡಿಗೆ ಚೆಲ್ಲುತ್ತೇವೆ. ವರ್ಷಕ್ಕೆ ಐನೂರು ಮಿಲಿಮೀಟರ್ ಮಳೆಯೂ ಕಷ್ಟವಾದ ಸೀಮೆಯಲ್ಲಿ, ಕೊಳವೆಬಾವಿಯನ್ನು ನಂಬಿ ಬದುಕುವ ಊರಿನಲ್ಲಿ, ನೀರಿಗೆ ಎಣ್ಣೆ ಬೆರೆಸುವುದು ಎಂಥ ಅವಿವೇಕವೆಂದು ಬಿಡಿಸಿ ಹೇಳಬೇಕೆ?

ಕೊನೆಯದು ಪ್ರಾಣದ ಪ್ರಶ್ನೆ. ಕಳ್ಳರ ಭಯಕ್ಕೋ ಮಳೆಯ ಭಯಕ್ಕೋ ಜನರೇಟರನ್ನು ಮುಚ್ಚಿದ ಕೋಣೆಯಲ್ಲಿ, ಅಂಗಡಿಯ ಒಳಗೆ, ಮೆಟ್ಟಿಲ ಕೆಳಗೆ ಇರಿಸಿ ಓಡಿಸಬಾರದು. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸುತ್ತದೆ. ಮಲಗಿದವರಿಗೆ ತಾವು ಸಾಯುತ್ತಿರುವುದೇ ತಿಳಿಯುವುದಿಲ್ಲ.

ಆ ಸಂಜೆ ಬೇಕರಿಯವರೊಡನೆ ನಾನು ಕೊಳವೆಯ ಮಾತು ತೆಗೆದೆ. ಅವರು ಮುನಿಸಿಕೊಳ್ಳಲಿಲ್ಲ. “ಕರೆಂಟು ಹೋದ್ರೆ ಫ್ರಿಜ್ಜಿನಾಗಿನ ಹಾಲು ಕೆಡ್ತದೆ ಸ್ವಾಮಿ. ಇರೋ ನಾಲ್ಕು ಗಿರಾಕೀನೂ ಬಿಟ್ಕೊಂಡ್ರೆ ನಾವು ಬದುಕೋದು ಹೆಂಗೆ? ಹೊಗೆ ಮೇಲಕ್ಕೇ ಹೋಗ್ತದಲ್ಲ ಅಂತ ಸುಮ್ಮನಿದ್ದೆ” ಎಂದರು. ನಾನು ಮೆಟ್ಟಿಲ ಕಡೆ ಕೈ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, “ದಿನಾ ಕಣ್ಣ ಮುಂದೇನೇ ಕೂತಿರ್ತದೆ, ಗಮನಕ್ಕೇ ಬಂದಿರ್ಲಿಲ್ಲ” ಎಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅವರಿಗೆ ಜನರೇಟರು ಶೋಕಿಯ ವಸ್ತುವಲ್ಲ. ಸಣ್ಣ ಊರಿನ ಆಸ್ಪತ್ರೆಯಲ್ಲಿ ನಡುರಾತ್ರಿ ಹೆರಿಗೆಯಾಗುವಾಗ ಉರಿಯುವ ದೀಪವೂ ಎಷ್ಟೋ ಸಲ ಈ ಯಂತ್ರದ್ದೇ ಆಗಿರುತ್ತದೆ. ಅದನ್ನು ಬೈದು ಪ್ರಯೋಜನವಿಲ್ಲ, ನಿಷೇಧಿಸಿಯೂ ಪ್ರಯೋಜನವಿಲ್ಲ.

ಮಾತಿಗೆ ಬಗ್ಗದವರಿದ್ದರೆ ಕಾನೂನು ಇದ್ದೇ ಇದೆ. ಸದ್ದು ಮಿತಿಯನ್ನು 10 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚಾಗಿ ಮೀರಿದರೆ ಯಾವ ನಾಗರಿಕನೂ ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಸರ್ಕಾರ ಗೊತ್ತುಮಾಡಿದ ಅಧಿಕಾರಿಗಳಿಗೆ ದೂರು ಕೊಡಬಹುದು. ಹೊಗೆಯ ವಿಷಯವಾದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಬಹುದು. 1986ರ ಕಾಯಿದೆಯಲ್ಲಿ ತಪ್ಪಿಗೆ ಐದು ವರ್ಷದವರೆಗೆ ಸೆರೆವಾಸ ಇತ್ತು. 2023ರ ಜನವಿಶ್ವಾಸ ಕಾಯಿದೆ ಅದನ್ನು ತೆಗೆದು 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡವನ್ನು ಇರಿಸಿದೆ. ಶುದ್ಧವಾದ ಗಾಳಿ, ನೀರು ಬದುಕುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿಯೇ ಹೇಳಿದೆ. ಆದರೂ ಎದುರುಬದುರು ಅಂಗಡಿಯವರು, ಒಂದೇ ಜಾತ್ರೆಗೆ ಹೋಗಿಬರುವವರು, ಒಬ್ಬರ ಮೇಲೊಬ್ಬರು ಅರ್ಜಿ ಬರೆಯುವುದು ಕಡೆಯ ಉಪಾಯವಾಗಿರಲಿ. ಗ್ರಾಮಪಂಚಾಯಿತಿಯವರು ಅಂಗಡಿಗೆ ಪರವಾನಗಿ ಕೊಡುವಾಗ ಕೊಳವೆ ಎಷ್ಟೆತ್ತರವಿದೆ ಎಂದು ಒಂದು ಪ್ರಶ್ನೆ ಕೇಳಿದರೂ ಅರ್ಧ ಕೆಲಸ ಆದಂತೆಯೇ.

ನಿಜವಾದ ಮದ್ದು ಇನ್ನೂ ಮೂಲದಲ್ಲಿದೆ: ತಡೆಯಿಲ್ಲದ ವಿದ್ಯುತ್ತು. ಸಣ್ಣ ಊರು ತನ್ನ ವಿದ್ಯುತ್ತನ್ನು ತಾನೇ ಶುಚಿಯಾಗಿ ತಯಾರಿಸಬಹುದೆ ಎಂಬ ಪ್ರಶ್ನೆಯನ್ನು ನಮ್ಮ ನೆರೆಯ ತುಮಕೂರು ಜಿಲ್ಲೆಯಲ್ಲಿಯೇ ಕೇಳಿ ನೋಡಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದವರು ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ 1987ರಲ್ಲಿ ಸಗಣಿಯ ಅನಿಲದಿಂದ ಡೀಸೆಲ್ ಎಂಜಿನ್ನನ್ನು ನಡೆಸಿ ಮನೆಗಳಿಗೆ ದೀಪ, ಕುಡಿಯುವ ನೀರು ಒದಗಿಸಿದರು. ಮರುವರ್ಷ ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಕಟ್ಟಿಗೆಯಿಂದ ಅನಿಲ ತೆಗೆದು ಇಂಥದೇ ಎಂಜಿನ್ನಿಗೆ ಉಣಿಸಿದರು. ಡೀಸೆಲ್ಲಿನ ಬಹುಪಾಲು ಉಳಿಯಿತು. ಊರವರೇ ಯಂತ್ರವನ್ನು ನೋಡಿಕೊಂಡರು. ಆ ಪ್ರಯೋಗಗಳು ನಾಡಿನಾದ್ಯಂತ ಹರಡಲಿಲ್ಲ. ಆದರೂ ಅವು ಒಂದು ಪಾಠವನ್ನು ಉಳಿಸಿದವು: ವಿದ್ಯುದಾಗಾರ ಊರಿನದಾದಾಗ ಅದರ ಹೊಗೆಯೂ ಊರಿನ ಕಾಳಜಿಯಾಗುತ್ತದೆ.

ಇನ್ನು ಪರಶುರಾಂಪುರದಿಂದ ಮೂಡಣಕ್ಕೆ ಪಾವಗಡದ ರಸ್ತೆ ಹಿಡಿದರೆ, ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಬಿಸಿಲಿನಿಂದ ವಿದ್ಯುತ್ತು ತೆಗೆಯುವ ಫಲಕಗಳು ಕಣ್ಣು ಹಾಯುವಷ್ಟು ದೂರ ಹರಡಿವೆ. 2018ರಲ್ಲಿ ಉದ್ಘಾಟನೆಯಾದ ಆ ಸೌರಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಅದೇ ಬಿಸಿಲು ನಮ್ಮ ಬೇಕರಿಯ ಮಾಳಿಗೆಯ ಮೇಲೂ ಸುರಿಯುತ್ತದೆ. ನಾಲ್ಕು ಫಲಕ, ಒಂದು ಬ್ಯಾಟರಿ ಇದ್ದರೆ ಸಂಜೆಯ ಮೂರು ಗಂಟೆಯ ದೀಪಕ್ಕೆ ಡೀಸೆಲ್ ಬೇಕಾಗದು. ದೊಡ್ಡ ಹೊರೆಗೆ ಮಾತ್ರ ಯಂತ್ರ ಮೀಸಲಾಗಿರಬಹುದು. ಬ್ಯಾಟರಿಯೂ ನಿರ್ದೋಷಿಯಲ್ಲ. ಅದರ ಸೀಸ ವಿಷ. ಹಳೆಯದಾದಾಗ ಅದನ್ನು ಮಾರಿದವನಿಗೇ ಹಿಂತಿರುಗಿಸಬೇಕು. ಕೇಡಿಲ್ಲದ ಶಕ್ತಿಯೆಂಬುದು ಎಲ್ಲಿಯೂ ಇಲ್ಲ; ಕೇಡನ್ನು ಅರಿತು ಕಡಿಮೆ ಮಾಡಿಕೊಳ್ಳುವುದಷ್ಟೇ ನಮಗೆ ಉಳಿದಿರುವ ವಿವೇಕ.

ಕಳೆದ ತಿಂಗಳು ಮತ್ತೆ ಪರಶುರಾಂಪುರಕ್ಕೆ ಹೋಗಿದ್ದೆ. ಬೇಕರಿಯ ಯಂತ್ರ ಅಲ್ಲಿಯೇ ಇತ್ತು, ಸದ್ದೂ ಅಷ್ಟೇ ಇತ್ತು. ಆದರೆ ಗೋಡೆಗುಂಟ ಒಂದು ಹೊಸ ಕೊಳವೆ ಮಾಳಿಗೆಯನ್ನು ದಾಟಿ ಮೇಲಕ್ಕೆ ಹೋಗಿತ್ತು. ವೆಲ್ಡಿಂಗ್ ಅಂದವಾಗಿರಲಿಲ್ಲ, ಎತ್ತರ ಸೂತ್ರಕ್ಕಿಂತ ಒಂದು ಗೇಣು ಕಡಿಮೆಯೇ ಇದ್ದಿರಬಹುದು. ದರ್ಜಿಯ ಮಗಳು ಮೆಟ್ಟಿಲ ಮೇಲೆ, ಬೆಳಕಿಗೆ ಹತ್ತಿರದ ತುದಿಯಲ್ಲಿ, ಕುಳಿತಿದ್ದಳು. ಗಾಳಿ ಇತ್ತ ತಿರುಗಿದರೂ ಅವಳು ಎದ್ದು ಸರಿಯಲಿಲ್ಲ.

(ಬಾನುಲಿ ಭಾಷಣ)